ಊರಿಂದ ಕಾಡಹಂದಿ ಮಾಂಸ ಬರ್ತೈತಂತ, ಪುಣೆದಾಗ ಹೆಂಗ ಮಾಡೂದ್ರಿ? ಜೋಡಿಗೆ ಯಾವ ಕಾಯಿಪಲ್ಲೆ?

ಖಾನಾಪುರದಂವ (ಕೋಥ್ರುಡ್, ಪುಣೆ)
ನಮಸ್ಕಾರ್ರಿ ಎಲ್ಲಾರಿಗೂ. ನಂದು ಊರು ಖಾನಾಪುರ ಕಡೆ, ನೌಕರಿ ಹಿಂಜವಡಿದಾಗ. ಮುಂದಿನ ವಾರ ನಮ್ಮ ಸ್ವಾದರಮಾವ ಬರಾಕತ್ತಾನ್ರಿ, ಫೋನ್ ಮಾಡಿ "ಬರುವಾಗ ಕಾಡಹಂದಿ ಮಾಂಸ ತರ್ತೀನಿ, ಐಸ್ ಹಾಕಿ ಡಬ್ಬ್ಯಾಗ ಇಟ್ಕೊಂಡು ಬರ್ತೀನಿ" ಅಂದ, ಶ್ರಾವಣ ಕೂಡೂದ್ರಾಗ ಒಂದ್ಸಲ ಜೋರ್ ಊಟ ಆಗ್ಲಿ ಅಂತ ಅವನ ಆಸೆ. ನಮ್ಮಜ್ಜಿ ಮಾಡ್ತಿದ್ಲು, ಕರ್ರಗ ಗಟ್ಟಿ ಸಾರು, ಮೆಣಸಿನ ಘಾಟು ಮೂಗಿಗೆ ಹೊಡಿತಿತ್ತು, ಆದ್ರ ಏನ್ ಹಾಕ್ತಿದ್ಲು ಯಾರೂ ಬರದಿಟ್ಟಿಲ್ಲ. ಇಲ್ಲೆ ನಮ್ಮನ್ಯಾಗ ಎರಡ ಬರ್ನರ್ ಗ್ಯಾಸು, ಒಂದು ಐದು ಲೀಟರ್ ಕುಕ್ಕರು ಅಷ್ಟ. ಎಷ್ಟೊತ್ತು ಕುದಿಸ್ಬೇಕು, ವಾಸನಿ ಹೆಂಗ ತೆಗೀಬೇಕು? ಇನ್ನೊಂದು, ರವಿವಾರ ಮಂಡಯಿಗೆ (ಕಾಯಿಪಲ್ಲೆ ಮಾರ್ಕೆಟ್ಟಿಗೆ) ಹೋದ್ರ ಮಳಿಗಾಲದ ಏನೇನೋ ಸೊಪ್ಪು ಇಟ್ಕೊಂಡು ಹೆಣ್ಮಕ್ಕಳು ಕುಂತಿರ್ತಾರ, ಒಂದರ ಹೆಸರೂ ಗೊತ್ತಾಗಂಗಿಲ್ಲ. ಮಾಂಸದ ಜೋಡಿ ಅದ್ರಾಗ ಯಾವುದು ಹೊಂದ್ತೈತಿ ಹೇಳ್ರಿ.

ವಿರಾಜಪೇಟೆಯವ (ಪರ್ವರಿ, ಗೋವಾ)
ಮೊದ್ಲು ಮಾವನಿಗೆ ಫೋನ್ ಮಾಡಿ ಬೇಡ ಅಂತ ಹೇಳಿ, ಆಮೇಲೆ ಅಡುಗೆ ಮಾತು. ವನ್ಯಜೀವಿ ಕಾಯ್ದೆ 1972ರದ್ದು, 2022ರಲ್ಲಿ ತಿದ್ದುಪಡಿ ಆಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಕಾಡುಹಂದಿ ಈಗ ಅದರ ಶೆಡ್ಯೂಲ್ 2ರಲ್ಲಿ, ಅಂದ್ರೆ ರಕ್ಷಿತ ಪ್ರಾಣಿಗಳ ಪಟ್ಟೀಲಿ ಬರುತ್ತೆ. ಹೊಡೆದವನದ್ದು ಮಾತ್ರ ತಪ್ಪಲ್ಲ, ಆ ಮಾಂಸ ಕಾನೂನಿನ ಪ್ರಕಾರ ಸರ್ಕಾರದ ಆಸ್ತಿ, ನಿಮ್ಮ ಫ್ರಿಜ್ಜಲ್ಲಿ ಸಿಕ್ಕಿದ್ರೂ ನಿಮ್ಮ ಮೇಲೆ ಕೇಸು. ಮೂರು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ಅದ್ರಲ್ಲೂ ರಾಜ್ಯದ ಗಡಿ ದಾಟಿ ಬರೋ ಡಬ್ಬಿ! ನಮ್ಮ ಕಡೆ ಕೊಡವರಿಗೆ ಕೋವಿ ಲೈಸೆನ್ಸಿಂದ ವಿನಾಯಿತಿ ಇದೆ ಅಂತ ಎಲ್ರಿಗೂ ಗೊತ್ತು, ಬೇಟೆಗೂ ವಿನಾಯಿತಿ ಇದೆ ಅಂದ್ಕೊಂಡಿರೋರೇ ಜಾಸ್ತಿ, ಅದು ಇಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಸೆಪ್ಟೆಂಬರಲ್ಲಿ ಮನೆಮನೇಲಿ ಪಂದಿಕರಿ ಆಗುತ್ತಲ್ಲ, ಅದು ಈಗ ಸಾಕಿದ ಹಂದೀದೇ, ರುಚಿಗೇನೂ ಕಮ್ಮಿ ಆಗಿಲ್ಲ.

ನಿಮ್ಮಜ್ಜಿ ಸಾರು ಕಪ್ಪಾಗ್ತಿದ್ದದ್ದು ಪ್ರಾಣಿಯಿಂದ ಅಲ್ಲ, ಹುರಿಯೋದ್ರಿಂದ. ಒಂದು ಕೇಜಿ ಹಂದಿ ಮಾಂಸ ತಗೊಳ್ಳಿ, ಚರ್ಮ ಕೊಬ್ಬು ಇರೋದೇ ಬೇಕು, ಬರೀ ಕೆಂಪು ಮಾಂಸ ಕೊಟ್ರೆ ವಾಪಸ್ ಕೊಡಿ. ಅರಿಶಿನ ಉಪ್ಪು ಸ್ವಲ್ಪ ಖಾರದಪುಡಿ ತಿಕ್ಕಿ ಅರ್ಧ ಗಂಟೆ ಇಡಿ. ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದೂವರೆ ದೊಡ್ಡ ಚಮಚ ಕಾಳುಮೆಣಸು, ಒಂದು ಸಣ್ಣ ಚಮಚ ಜೀರಿಗೆ, ಅರ್ಧ ಸಾಸಿವೆ, ಮೆಂತ್ಯ ಎಂಟ್ಹತ್ತು ಕಾಳು ಸಾಕು, ಎಲ್ಲಾ ಎಣ್ಣೆ ಹಾಕ್ದೆ ಸಣ್ಣ ಉರೀಲಿ ಹುರೀರಿ, ಕಂದು ಬಣ್ಣಕ್ಕೆ ನಿಲ್ಲಿಸ್ಬೇಡಿ, ಇನ್ನೇನು ಸೀದ್ಹೋಯ್ತು ಅನ್ನೋ ಹೊತ್ತಿಗೆ ಇಳಿಸಿ. ಮೆಂತ್ಯ ಮಾತ್ರ ಕೊನೇಲಿ ಹಾಕಿ ಇಲ್ಲಾಂದ್ರೆ ಕಹಿ. ಈರುಳ್ಳಿ, ಶುಂಠಿ, ಹಸಿಮೆಣಸು, ಕರಿಬೇವು, ಬೆಳ್ಳುಳ್ಳಿ ಎರಡು ಪೂರ್ತಿ ಗಡ್ಡೆ ತರಿತರಿ ರುಬ್ಬಿ ಬಾಡ್ಸಿ, ಮಾಂಸ ಹಾಕಿ, ನೀರು ಸ್ವಲ್ಪಾನೇ, ಮುಚ್ಚಿ ಸಣ್ಣ ಉರೀಲಿ ಒಂದು ಒಂದೂಕಾಲು ಗಂಟೆ. ಎಣ್ಣೆ ಒಂದು ಚಮಚಕ್ಕಿಂತ ಜಾಸ್ತಿ ಬೇಡವೇ ಬೇಡ, ಕೊಬ್ಬೇ ಬಿಟ್ಕೊಳ್ಳುತ್ತೆ. ಮಾಂಸ ಬೆಂದ ಮೇಲೆ ಹುರಿದ ಪುಡಿ, ಇಳಿಸೋ ಮುಂಚೆ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಗಟ್ಟಿ ಹುಳಿ) ಎರಡು ಸಣ್ಣ ಚಮಚ. ಹುಳಿ ಮೊದಲೇ ಹಾಕ್ಬೇಡಿ. ಮಾರನೇ ದಿನ ತಿನ್ನಿ, ಅವತ್ತೇ ತಿಂದ್ರೆ ಅರ್ಧ ರುಚಿ. ಕಡಂಬುಟ್ಟು (ಅಕ್ಕಿತರಿ ಉಂಡೆ) ಬರದಿದ್ರೆ ಜೋಳದ ರೊಟ್ಟಿಗೂ ಚೆನ್ನಾಗೇ ಹೋಗುತ್ತೆ, ನಮ್ಮೋರು ಬೈದ್ರೂ ನಾನು ಹೇಳ್ತೀನಿ.

ಸ್ವಾರಗೇಟ್ ಸೀನ (ಪುಣೆ)
ಸರ್ ಹಳ್ಳೀಲಿ ಎಲ್ರೂ ತಿಂತಾರೆ, ಯಾರೂ ಹಿಡಿಯಲ್ಲ. ಹೊಲ ಪೂರ್ತಿ ಹಾಳು ಮಾಡ್ತವೆ ಹಂದಿಗಳು, ರೈತ ಏನು ಮಾಡ್ಬೇಕು ಪಾಪ. ಸಾಕಿದ ಹಂದೀಲಿ ಆ ರುಚಿ ಬರುತ್ತೆ ಅನ್ನೋದೆಲ್ಲ ಸಮಾಧಾನದ ಮಾತು ಅಷ್ಟೇ, ಕಾಡಿಂದು ಕಾಡಿಂದೇ.

ವಿರಾಜಪೇಟೆಯವ (ಪರ್ವರಿ, ಗೋವಾ)
ರೈತರ ಕಷ್ಟ ನಿಜ, ನಮ್ಮ ತೋಟಕ್ಕೂ ಬರ್ತವೆ. ಆದ್ರೆ ಕೇರಳದಲ್ಲಿ ಬೆಳೆ ಹಾಳು ಮಾಡೋ ಹಂದಿ ಹೊಡೆಯೋಕೆ ಪರ್ಮಿಷನ್ ಕೊಡ್ತಾರಲ್ಲ, ಅಲ್ಲೂ ಹೊಡೆದ ಮೇಲೆ ಹೂಳ್ಬೇಕು, ತಿನ್ನೋ ಹಾಗಿಲ್ಲ. ರೈತನ ಸಮಸ್ಯೆ ಬೇರೆ, ಕೋಥ್ರುಡ್‌ನ ಊಟ ಬೇರೆ. ರುಚಿ ಬೇರೆ ಇರುತ್ತೆ ಅನ್ನೋದು ಒಪ್ತೀನಿ, ಕಾಡಿಂದು ಓಡಾಡಿ ಬೆಳೆದದ್ದು, ಕೊಬ್ಬು ಕಮ್ಮಿ, ನಾರು ಜಾಸ್ತಿ, ಅದಕ್ಕೇ ಹಿಂದಿನವರು ಗಂಟೆಗಟ್ಟಲೆ ಬೇಯಿಸಿ ಅಷ್ಟು ಮೆಣಸು ಸುರೀತಿದ್ರು. ಇನ್ನೊಂದು ಮಾತು, ಕಾಡುಹಂದೀಲಿ ಟ್ರೈಕಿನೆಲ್ಲಾ ಅನ್ನೋ ಹುಳ ಇರ್ಬಹುದು, ಅರೆಬರೆ ಬೆಂದ ಮಾಂಸದಿಂದ ಮನುಷ್ಯನಿಗೆ ಬರುತ್ತೆ, ಐಸ್ ಡಬ್ಬೀಲಿಟ್ರೆ ಸತ್ತೋಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಯಾವ ಹಂದೀನೇ ಆಗ್ಲಿ ಮಧ್ಯದ ತುಂಡು ಮುರಿದು ನೋಡಿ, ಗುಲಾಬಿ ಬಣ್ಣ ಕಂಡ್ರೆ ಇನ್ನೂ ಬೇಯ್ಲಿ.

ಕಾರ್ಕಳ ಟು ಮಾಟುಂಗಾ (ಮುಂಬಯಿ)
ಮಾಂಸದ ಪಂಚಾಯ್ತಿಗೆ ನಾನು ಬರೂದಿಲ್ಲ ಮಾರಾಯ್ರೆ, ತರಕಾರಿ ಕೇಳಿದ್ರಲ್ಲ ಅದಕ್ಕೆ ಬಂದೆ. ನೀವು ಹೆಸರು ಗೊತ್ತಿಲ್ಲ ಅಂತ ಬಿಟ್ಟು ಬರುವ ಸೊಪ್ಪೇ ಮಳೆಗಾಲದ ನಿಜವಾದ ಬೇಟೆ. ಮರಾಠಿಯವ್ರು ರಾನ್‌ಭಾಜಿ ಅಂತಾರೆ. ಟಾಕಳಾ ಅಂತ ಕಟ್ಟು ಇಟ್ಟಿರ್ತಾರೆ ನೋಡಿ, ಅದು ನಮ್ಮ ತಜಂಕ್, ನಿಮ್ಮ ಕಡೆಯ ತಗಟೆ ಸೊಪ್ಪು. ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ಅದರದ್ದು ಅಂಬಡೆ (ವಡೆ) ಮಾಡದ ಮನೆ ಇಲ್ಲ. ಎಳೆ ಎಲೆ ಮಾತ್ರ ತಗೊಳ್ಳಿ, ಗಿಡ ಎತ್ತರ ಆದಮೇಲೆ ಕಹಿ ಉಂಟು. ಗೋವಾದಲ್ಲಿ ತಾಯ್ಕಿಳೊ ಅಂತ ಹಲಸಿನ ಬೀಜ, ತೆಂಗಿನತುರಿ ಹಾಕಿ ಪಲ್ಯ ಮಾಡ್ತಾರೆ, ಖಾರದ ಮಾಂಸದ ಪಕ್ಕಕ್ಕೆ ಅದರಷ್ಟು ಒಳ್ಳೇದು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಕರ್ಟೋಲಿ ಅಂದ್ರೆ ಮಡಹಾಗಲ, ಮುಳ್ಳುಮುಳ್ಳಿನ ಸಣ್ಣ ಕಾಯಿ, ರೇಟು ಕೇಳಿದ್ರೆ ಜೀವ ಹೋಗ್ತದೆ ಆದ್ರೂ ತಗೊಳ್ಳಿ, ಬಿಲ್ಲೆ ಮಾಡಿ ಅಕ್ಕಿಹಿಟ್ಟು ಮೆಣಸಿನಪುಡಿ ಹಚ್ಚಿ ತವಾದಲ್ಲಿ ಹುರೀರಿ. ಮುಂಬಯಿ ಠಾಣೆ ಪಾಲ್ಘರ್ ಕಡೆ ಮಳೆ ಶುರುವಿಗೆ ಶೇವಳಾ ಅಂತ ಬರ್ತದೆ, ಸುವರ್ಣಗಡ್ಡೆ ಜಾತಿದು, ನೇರಳೆ ಬಣ್ಣದ ಉದ್ದ ಹೂವಿನ ದಂಟು. ಅದನ್ನು ತಂದು ಸುಮ್ಮನೆ ಬೇಯಿಸಿದ್ರೆ ಗಂಟಲು ಕೆರೆದು ಕೆರೆದು ರಾತ್ರಿ ನಿದ್ದೆ ಇಲ್ಲ. ಮಾರುವ ಹೆಂಗಸೇ ಕಾಕಡ ಅಂತ ಹಸಿರು ಹುಳಿ ಕಾಯಿ ಜೊತೆಗೆ ಇಟ್ಟಿರ್ತಾಳೆ, ಅದರ ರಸ ಹಾಕಿ ಬೇಯಿಸಬೇಕು, ಬುಡದ ಹಳದಿ ಭಾಗ ತೆಗೆದು ಎಸೀಬೇಕು. ಒಣಸಿಗಡಿ ಹಾಕಿ ಮಾಡಿದ್ರೆ ಮಾಂಸದ ಗ್ರೇವಿಯೇ ಬೇಡ ಅನಿಸ್ತದೆ. ಫಸ್ಟ್ ಟೈಮ್ ಮಾಡುವವ್ರು ಮಾರುವವಳನ್ನೇ ಕೇಳಿ, ಅವರು ಪೂರ್ತಿ ರೆಸಿಪಿ ಹೇಳ್ತಾರೆ, ಮರಾಠಿ ಅರ್ಧಂಬರ್ಧ ಬಂದ್ರೂ ಸಾಕು.

ಅಣಬೆ ಮಾತ್ರ ಗೊತ್ತಿಲ್ಲದವರ ಹತ್ರ ತಗೊಳ್ಬೇಡಿ ಮತ್ತೆ.

ವಿರಾಜಪೇಟೆಯವ (ಪರ್ವರಿ, ಗೋವಾ)
ಅಣಬೆ ಅಂದ್ರಲ್ಲ, ಇಲ್ಲಿ ಅಳ್ಮಿ ಅಂತ ಹುತ್ತದ ಅಣಬೆ ಬರುತ್ತೆ, ರೋಡ್ ಪಕ್ಕ ಎಲೆ ಮೇಲೆ ಎಣಿಸಿ ಮಾರ್ತಾರೆ, ರೇಟು ಹಂದಿ ಮಾಂಸಕ್ಕಿಂತ ಜಾಸ್ತಿ. ಅಭಯಾರಣ್ಯದ ಒಳಗಿಂದ ಕೀಳೋದಕ್ಕೆ ಇಲ್ಲೂ ನಿಷೇಧ ಇದೆ. ಇನ್ನು ಗೋವಾದ ದಿನನಿತ್ಯದ ತರಕಾರಿ ಅಂತೂ ಮುಕ್ಕಾಲು ಬೆಳಗಾವಿಯಿಂದಲೇ ಬರೋದು, ಘಾಟ್ ಬಂದ್ ಆದ್ರೆ ಟೊಮೆಟೊ ಇಲ್ಲ. ಮಾಪುಸಾ ಶುಕ್ರವಾರದ ಸಂತೇಲಿ ಮಾತ್ರ ಊರಿನ ಹೆಂಗಸರು ತಂದಿದ್ದು ಸಿಗುತ್ತೆ.

ಗೋಕಾಕ ಕರದಂಟು (ಔಂಧ್, ಪುಣೆ)
ಏನ್ರಿ ಎಲ್ಲಾರೂ ಹಂದಿ ಹಿಂದನ ಬಿದ್ದೀರಿ, ನಮ್ಮನ್ಯಾಗ ಹಂದಿ ತಿನ್ನಂಗಿಲ್ಲ, ಹಂಗಂತ ಜಂಗಲ್ ರುಚಿ ಬಿಡಬೇಕೇನು? ಗಾವರಾನ್ (ನಾಟಿ) ಹುಂಜ ತರ್ರಿ, ಸ್ವಲ್ಪ ವಯಸ್ಸಾದದ್ದ ಇರ್ಲಿ, ಬಾಯ್ಲರ್ ಕೋಳಿ ಮುಟ್ಟಬ್ಯಾಡ್ರಿ. ಉಳ್ಳಾಗಡ್ಡಿ ಸಿಪ್ಪಿ ಸಹಿತ, ಒಣಕೊಬ್ರಿ ಬಟ್ಟಲ ಸಹಿತ ಗ್ಯಾಸಿನ ಉರಿ ಮ್ಯಾಲ ನೇರ ಸುಡ್ರಿ, ಕರ್ರಗ ಆಗಬೇಕು. ಕರಿ ಸಿಪ್ಪಿ ಮ್ಯಾಲಿಂದಷ್ಟ ತೆಗದು ಗಸಗಸಿ, ದಗಡಫೂಲ (ಕಲ್ಲುಹೂ), ಬಳ್ಳೊಳ್ಳಿ, ಕೊತ್ತಂಬ್ರಿ ಜೋಡಿ ನುಣ್ಣಗ ಅರೀರಿ. ಖಾರ ಬ್ಯಾಡಗಿದು ಅರ್ಧ, ಗುಂಟೂರದ್ದು ಅರ್ಧ. ಹುಂಜ ಬೇಯಾಕ ತಾಸು ಬೇಕು, ಕುಕ್ಕರ್ ಹಚ್ಚಿದ್ರ ಎಲುಬಿಂದ ಮಾಂಸ ಬಿಟ್ಟು ಹೋಗಿ ಗಿಜಿಗಿಜಿ ಆಗ್ತೈತಿ, ದಪ್ಪ ತಳದ ಪಾತೇಲಿ ತಗೊಂಡು ಮುಚ್ಚಳದ ಮ್ಯಾಲ ನೀರು ಇಡ್ರಿ, ಆ ಬಿಸಿ ನೀರನ್ನ ಒಳಗ ಹಾಕ್ರಿ. ನಮ್ಮವ್ವ ಮೊಲದ ಸಾರು ಹಿಂಗ ಮಾಡ್ತಿದ್ಲಂತ, ಈಗ ಕಾಡ ಮೊಲನೂ ಆ ಕಾಯ್ದೆದಾಗನ ಐತಿ.

ಹಕ್ಕಿನ ಬೇಕಂದ್ರ ಫಾರ್ಮಿನ ಜಪಾನಿ ಲಾವಕ್ಕಿ ತಗೋರಿ. ಹೊಲದಾಗ ಹಾರೋ ಲಾವಕ್ಕಿ, ಕೌಜುಗ ಎಲ್ಲಾ ಮುಟ್ಟಂಗಿಲ್ಲ. ಫಾರ್ಮಿಂದು ಒಂದು ಹಕ್ಕಿ ಇನ್ನೂರು ಗ್ರಾಂ ಸುತ್ತಮುತ್ತ, ಮಂದಿಗೆ ಎರಡೆರಡು ಬೇಕಾಗ್ತಾವು. ಭಾಳ ಹೊತ್ತು ಬೇಯಿಸಿದ್ರಂದ್ರ ಒಣಗಿ ಹೋಗ್ತಾವು, ಮೊಸರು ಮೆಣಸು ಹಚ್ಚಿ ಇಪ್ಪತ್ತು ಇಪ್ಪತ್ತೈದು ಮಿನಿಟು ಸಾಕು.

ಖಾನಾಪುರದಂವ (ಕೋಥ್ರುಡ್, ಪುಣೆ)
ಆತ್ರಿ, ಮಾವಗ ಫೋನ್ ಮಾಡಿ ಹೇಳ್ದೆ, ಮೊದಲ ಸಿಟ್ಟಾದ, "ಪುಣೆಗೆ ಹೋಗಿ ಭಾಳ ಶಾಣ್ಯಾ ಆಗಿ" ಅಂದ, ಆಮ್ಯಾಲ ಕಳಲೆ (ಬಿದಿರಿನ ಎಳೆ ಮೊಳಕಿ) ಮತ್ತ ಹಲಸಿನ ಬೀಜ ತರ್ತೀನಂದ. ಹಂದಿ ಮಾಂಸ ಕ್ಯಾಂಪ್ ಕಡೆ ಹುಡುಕ್ತೀನಿ. ಕಾಚಂಪುಳಿ ಇಲ್ಲೆ ಎಲ್ಲೂ ಸಿಗವಲ್ದು, ಹುಣಸಿಹಣ್ಣು ಹಾಕಿದ್ರ ನಡಿತೈತೇನ್ರಿ? ಕಳಲೆ ಮಾಂಸದಾಗ ಹಾಕಬೇಕೋ ಬ್ಯಾರೆ ಮಾಡಬೇಕೋ?

ವಿರಾಜಪೇಟೆಯವ (ಪರ್ವರಿ, ಗೋವಾ)
ಹುಣಸೆ ಬೇಡ, ಸಾರಿನ ರುಚಿ ಬಂದ್ಬಿಡುತ್ತೆ. ಕೋಕಂ ಅಗಳ (ಕೋಕಂ ಹಣ್ಣಿನ ಹುಳಿ ರಸ) ಪುಣೇಲಿ ಕೊಂಕಣದ ಸಾಮಾನಿನ ಅಂಗಡೀಲಿ ಸಿಗುತ್ತೆ, ಕಾಚಂಪುಳಿ ಹಣ್ಣಿಗೆ ಅದು ದಾಯಾದಿ, ಎರಡೂ ಒಂದೇ ಗಾರ್ಸಿನಿಯಾ ಜಾತಿ. ಅರ್ಧ ಬಟ್ಟಲು ಅಗಳ ಕುದಿಸಿ ಕಾಲು ಭಾಗಕ್ಕೆ ಇಳಿಸಿ, ಗಟ್ಟಿ ಆಗುತ್ತೆ. ಆದ್ರೆ ಅಗಳಕ್ಕೆ ಉಪ್ಪು ಹಾಕಿರ್ತಾರೆ, ಬತ್ತಿಸಿದ ಮೇಲೆ ಇನ್ನೂ ಉಪ್ಪು, ಹಾಗಾಗಿ ಮಾಂಸಕ್ಕೆ ಮೊದಲು ಉಪ್ಪು ಅರ್ಧಾನೇ ಹಾಕಿ, ಕೊನೇಲಿ ನೆಕ್ಕಿ ನೋಡಿ. ಕಳಲೆ ನಾವು ಬೈಂಬಳೆ ಕರಿ ಅಂತ ಬೇರೇನೇ ಮಾಡೋದು.

ಕಾರ್ಕಳ ಟು ಮಾಟುಂಗಾ (ಮುಂಬಯಿ)
ಕಣಿಲೆ (ನಿಮ್ಮ ಕಳಲೆ) ಬೇರೆಯೇ ಮಾಡಿ, ಮೊಳಕೆ ಹೆಸರು ಹಾಕಿ ತೆಂಗಿನಕಾಯಿ ಅರೆದು ಗಸಿ ಮಾಡಿದ್ರೆ ಹಂದಿಯ ಜಿಡ್ಡಿಗೆ ಸರಿ ಹೋಗ್ತದೆ. ಮಾವನಿಗೆ ಹೇಳಿ, ಸಿಪ್ಪೆ ಸುಲಿಯದೆ ಇಡೀ ತರ್ಲಿಕ್ಕೆ. ನೀವು ಸುಲಿದು ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿ ಹಾಕಿಡಿ, ದಿನಾ ನೀರು ಬದಲಿಸಬೇಕು, ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಉಂಟು, ಅದು ನೀರಿಗೆ ಹೋಗ್ಲಿ. ಆಮೇಲೆ ಒಂದು ಕುದಿ ಕುದಿಸಿ ಆ ನೀರನ್ನೂ ಚೆಲ್ಲಿ. ವಾಸನೆ ಬರ್ತದೆ, ಹಾಳಾಯ್ತು ಅಂತ ಎಸೀಬೇಡಿ. ಮಾವ ಶುಕ್ರವಾರ ಬಂದ್ರೆ ಕಣಿಲೆ ಊಟ ಸೋಮವಾರ, ಅಷ್ಟರ ತನಕ ಅವರನ್ನು ಊರಿಗೆ ಬಿಡ್ಬೇಡಿ.