ಸಾಲ್ಮನ್ ಮೀನಿನ 'ಫ್ಲೈ'ಗೆ ನೊಣ ಅನ್ನಬಹುದಾ?

ಗೆಳೆಯರೇ, ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಸ್ಕಾಟ್ಲೆಂಡಿನ ಟ್ವೀಡ್, ಸ್ಪೇ ನದಿಗಳಲ್ಲಿ ಸಾಲ್ಮನ್ ಹಿಡಿಯಲು 19ನೇ ಶತಮಾನದಲ್ಲಿ ಕಟ್ಟುತ್ತಿದ್ದ 'ಫ್ಲೈ'ಗಳ ಬಗ್ಗೆ ಬರೆಯುತ್ತಿದ್ದೇನೆ. ಗಾಳದ ಕೊಕ್ಕೆಗೆ ಹಕ್ಕಿ ಗರಿ, ರೇಷ್ಮೆ, ಜರಿ ಸುತ್ತಿ ಮಾಡುವ ವಸ್ತು ಅದು. ಮೊದಲು ನಿಘಂಟು ನೋಡಿ 'ನೊಣ' ಅಂತ ಬರೆದೆ. ಓದಿದರೆ ಹೊಂದಲೇ ಇಲ್ಲ.

ಕಾರಣ ಇದೆ. ಮೊಟ್ಟೆಯಿಡಲು ಕಡಲಿನಿಂದ ಹೊಳೆಗೆ ಬಂದ ಸಾಲ್ಮನ್ ತಿನ್ನುವುದನ್ನೇ ನಿಲ್ಲಿಸಿರುತ್ತದೆ, ಹಾಗಾಗಿ ಈ ಫ್ಲೈ ಯಾವ ಹುಳುವಿನ ಹಾಗೂ ಇರಬೇಕಾಗಿಲ್ಲ. ಜಾಕ್ ಸ್ಕಾಟ್ ಅನ್ನೋ ಹೆಸರಾಂತ ಫ್ಲೈ ನೋಡಿ: ಅರ್ಧ ಮೈ ಹಳದಿ ರೇಷ್ಮೆ, ಅರ್ಧ ಕಪ್ಪು, ಮೇಲೆ ಬೆಳ್ಳಿ ಜರಿ, ಅದರ ಮೇಲೆ ಬಣ್ಣಬಣ್ಣದ ರೆಕ್ಕೆ. ಅಂಥ ನೊಣ ಎಲ್ಲಿದೆ? 'ಎರೆ' ಅನ್ನೋಣವೆಂದರೆ ಅದು ತಿನ್ನುವ ವಸ್ತು, ಕಾವೇರಿಯಲ್ಲಿ ಬಿಳಿಮೀನಿಗೆ ಹಾಕುವ ರಾಗಿಮುದ್ದೆಯ ಹಾಗೆ. ನನಗೆ ಹೊಳೆದದ್ದು 'ಗರಿಗಾಳ'. ಕಿವಿಗೆ ಹೇಗಿದೆ ಹೇಳಿ.

ಉಳಿದ ಮಾತುಗಳಿಗೆ ಕನ್ನಡ ತಾನಾಗೇ ಬಂತು. ಟಿನ್ಸೆಲ್ಲಿಗೆ ನಮ್ಮ ಜರಿ ಇದೆ. ರೆಕ್ಕೆಯ ಮೇಲೆ ಬಾಗಿ ಕೂರುವ ಚಿನ್ನದ ಬಣ್ಣದ ಫೆಸೆಂಟ್ ಹಕ್ಕಿಯ ಜುಟ್ಟಿನ ಗರಿಗೆ ಇಂಗ್ಲಿಷಿನಲ್ಲಿ 'ಟಾಪಿಂಗ್' ಅಂತಾರೆ, ಅದಕ್ಕೆ 'ತುರಾಯಿ'ಗಿಂತ ಒಳ್ಳೆ ಮಾತು ಬೇಕಾ? ಇನ್ನು ಕೆಲಸದ ಹೆಸರು 'ಕಟ್ಟುವುದು'. ಹಳೆ ಪದ್ಧತಿಯಲ್ಲಿ ಹಿಡಿಕೆ ಯಂತ್ರ ಇರುತ್ತಿರಲಿಲ್ಲ, ಕೊಕ್ಕೆಯನ್ನು ಬೆರಳಲ್ಲೇ ಹಿಡಿದು, ಮೇಣ ತಿಕ್ಕಿದ ರೇಷ್ಮೆ ದಾರದಿಂದ ಒಂದೊಂದೇ ಗರಿಯನ್ನು ಬಿಗಿಯುತ್ತಿದ್ದರು. ನಮ್ಮಲ್ಲಿ ಹೂ ಕಟ್ಟುವ ಕೈ ನೆನಪಾಗುತ್ತೆ, ಅಲ್ವಾ?

ಕಷ್ಟ ಇರುವುದು 'ಮ್ಯಾರೀಡ್ ವಿಂಗ್' ಅನ್ನೋ ಮಾತಲ್ಲಿ. ಬೇರೆ ಬೇರೆ ಹಕ್ಕಿಗಳ ಗರಿಯಿಂದ ಸಣ್ಣ ಪಟ್ಟಿಗಳನ್ನು ತೆಗೆದು, ಅಂಚಿಗೆ ಅಂಚು ಸೇರಿಸಿ ಬೆರಳಲ್ಲಿ ಮೆಲ್ಲಗೆ ನೀವುತ್ತಾರೆ. ಗರಿಯ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಂಡಿಗಳಿವೆ, ಅವು ಒಂದಕ್ಕೊಂದು ಸಿಕ್ಕಿಕೊಂಡು ಕೆಂಪು, ನೀಲಿ, ಹಳದಿ ಪಟ್ಟಿಗಳೆಲ್ಲ ಒಂದೇ ಗರಿಯ ಹಾಗಾಗುತ್ತವೆ. ಅಂಟು ಬೇಡ, ಹೊಲಿಗೆ ಬೇಡ. 'ಜೋಡಿಸಿದ ರೆಕ್ಕೆ' ಅಂದರೆ ತೀರಾ ಸಪ್ಪೆ. 'ಹೆಣೆದ' ಅಂದರೆ ತಪ್ಪು, ಇಲ್ಲಿ ಎಳೆ ಒಂದರ ಮೇಲೊಂದು ದಾಟುವುದಿಲ್ಲ. 'ಬೆಸೆದ ರೆಕ್ಕೆ' ಅಂತ ಇಟ್ಟುಕೊಂಡಿದ್ದೇನೆ. ಬೆಸೆಯುವುದಕ್ಕೆ ನಂಟಿನ ಅರ್ಥವೂ ಇರುವುದರಿಂದ ಅದೇ ಹತ್ತಿರ ಅನ್ನಿಸಿತು.

ಕೊನೆಗೆ ನಮ್ಮದೇ ಕಾಡಿನ ಒಂದು ಗರಿ. ಜಾಕ್ ಸ್ಕಾಟಿನ ಎರಡೂ ಪಕ್ಕ ಕೂರುವ 'ಜಂಗಲ್ ಕಾಕ್' ಬೇರೆ ಯಾವುದೂ ಅಲ್ಲ, ಪಶ್ಚಿಮ ಘಟ್ಟದ ನಮ್ಮ ಬೂದು ಕಾಡುಕೋಳಿಯ ಹುಂಜ. ಅದರ ಕತ್ತಿನ ಗರಿಯಲ್ಲಿ ಮೇಣ ತೊಟ್ಟಿಕ್ಕಿದಂಥ ಹಳದಿ-ಬಿಳಿ ಚುಕ್ಕೆಗಳಿರುತ್ತವೆ. ಅಲ್ಲಿ ಸ್ಕಾಟ್ಲೆಂಡಿನವರಿಗೆ ಅದಕ್ಕೊಂದು ಹೆಸರಿದೆ, ಇಲ್ಲಿ ಅದು ಓಡಾಡುವ ಊರಿನವರ ಮಾತು ನನಗೆ ಬೇಕು. ಮಲೆನಾಡು, ಕೊಡಗಿನ ಕಡೆಯವರು ಆ ಚುಕ್ಕೆ ಗರಿಗೆ ಏನಂತೀರಿ? ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಕೇಳಿ ತಿಳಿಸಿ.