ಕಾರ್ಡಿನ 10 ರಾತ್ರಿ ಕೂಡಿಸಿದ್ರೂ ಗೋಲ್ಡ್ ಆಗವಲ್ದು, ಸಿಲ್ವರ್‌ನಾಗ ನಿಂತೈತಿ

ಚಿಗರಿ_ಸವಾರ (ಹುಬ್ಬಳ್ಳಿ)
ತಲಿ ಕೆಟ್ಟು ಬರಿಯಾಕತ್ತೇನಿ. ಎಚ್‌ಡಿಎಫ್‌ಸಿ ಬ್ಯಾಂಕಿನ ಮ್ಯಾರಿಯಟ್ ಬೋನ್‌ವಾಯ್ ಕ್ರೆಡಿಟ್ ಕಾರ್ಡ್ (ಬೋನ್‌ವಾಯ್ ಅಂದ್ರ ಮ್ಯಾರಿಯಟ್ ಹೋಟೆಲಿನವ್ರ ಮೆಂಬರ್ ಯೋಜನೆ) ತಗೊಂಡಿದ್ದೇ ಅದರಾಗ ಸಿಲ್ವರ್ ಮ್ಯಾಲಿನ ಗೋಲ್ಡ್ ದರ್ಜೆ ಸಲುವಾಗಿ. ಲೆಕ್ಕ ಸರಳ ಐತಿ: ಗೋಲ್ಡಿಗೆ ವರ್ಷಕ್ಕ 25 ರಾತ್ರಿ ಬೇಕು, ತಂಗದಿದ್ರೂ ಕಾರ್ಡಿನಿಂದ ಲೆಕ್ಕಕ್ಕ ಸೇರೂವು 10, ನಾ ತಂಗಿದ್ದು 15. ಆದ್ರ ಆಪ್ ತಗದ್ರ ಇನ್ನೂ ಸಿಲ್ವರ್. ಕಾರ್ಡ್ ಲಿಂಕ್ ಆಗೈತೇನು ಅಂತ ಮಾತ್ರ ಕೇಳಬ್ಯಾಡ್ರಿ. ಸಿಲ್ವರ್ ಬಂದೈತೆಲ್ಲ, ಅದು ಕಾರ್ಡಿಂದೇ. ಫೀಸು ₹3,000, ಮ್ಯಾಲ ಜಿಎಸ್‌ಟಿ ಕೂಡಿ ₹3,540 ಕಟ್ಟಿ ಆಗೈತಿ. ಗೋವಾಕ್ಕ ಮನಿಮಂದಿ ಎಲ್ಲಾ ಹೊಂಟೇವಿ, ಗೋಲ್ಡಿನವ್ರಿಗೆ ಸಿಗೂ ಮಧ್ಯಾಹ್ನ ಎರಡು ಗಂಟೆ ಚೆಕ್‌ಔಟ್ ಬೇಕಾಗೈತಿ. ಗೊತ್ತಿದ್ದವ್ರು ಲಗೂನ ಹೇಳ್ರಿ.

ಪೇಢೆ_ಪಾಯಿಂಟ್ಸ್ (ಧಾರವಾಡ)
ಇದು ಬುಕಿಂಗ್ ಸೈಟಿನ ಹಣೇಬರಹನೇ. ಅಷ್ಟೂ ರಾತ್ರಿ ಮ್ಯಾರಿಯಟ್ ಆಪ್ ಇಲ್ಲಾ ವೆಬ್‌ಸೈಟಿನಾಗೇ ಬುಕ್ ಮಾಡೀರೇನು? ನಡುವಿನ ಸೈಟಿನಿಂದ ಮಾಡಿದ ಬುಕಿಂಗಿಗೆ ಪಾಯಿಂಟೂ ಇಲ್ಲ, ಎಲೈಟ್ ನೈಟ್ ಕ್ರೆಡಿಟೂ (ದರ್ಜೆಗೆ ಎಣಿಸೂ ರಾತ್ರಿ) ಇಲ್ಲ. "ರೊಕ್ಕ ಹೋಟೆಲಿನಾಗ ಕಟ್ರಿ" ಅಂತ ಇದ್ರೂ ಅಷ್ಟೇ. ಭಾಳ ಮಂದಿ ರಿಸೆಪ್ಶನ್‌ದಾಗ ಮೆಂಬರ್ ನಂಬರ್ ಬರೆಸಿ ಆತು ಅಂತ ಬರ್ತಾರ. ನಂಬರ್ ರಿಸರ್ವೇಶನ್‌ದಾಗ ಕಾಣಸ್ತದ, ರೇಟು ಅರ್ಹ ಇಲ್ಲಂದ ಮ್ಯಾಲ ಲೆಕ್ಕಕ್ಕ ಬರೂದಿಲ್ಲ.

ಆಫೀಸಿನ ಟ್ರಾವೆಲ್ ಡೆಸ್ಕ್ ಇದ್ರ ಅದನ್ನೂ ನೋಡ್ರಿ. ಕಂಪನಿಗಂತ ಹೋಟೆಲ್ ಕೊಟ್ಟ ರೇಟಿನಾಗ ಏಜೆಂಟ್ ಹೋಟೆಲಿನ ಸಿಸ್ಟಮ್‌ದಾಗೇ ಬುಕ್ ಮಾಡಿದ್ರ ನಡೀತದ. ಸಗಟಿನಾಗ ಕೊಂಡು ಮಾರೋ ಪೋರ್ಟಲ್ ಆದ್ರ ನಡಿಯೂದಿಲ್ಲ.

ಚಿಗರಿ_ಸವಾರ
ಆಪ್‌ನಾಗ ಈ ವರ್ಷ 15 ರಾತ್ರಿ ಅಂತ ತೋರಸ್ತೈತಿ, ಗೋಲ್ಡಿಗೆ ಇನ್ನ 10 ಬೇಕಂತ. ಕೆಲವೊಂದು ಬುಕಿಂಗ್ ಆಫೀಸಿನವ್ರು ಮಾಡಿದ್ದು. ಯಾವ ಪೋರ್ಟಲ್ಲೋ ಏನೋ.

ಪೇಢೆ_ಪಾಯಿಂಟ್ಸ್
ಸಿಕ್ತು ನೋಡ್ರಿ ಕಳ್ಳ! 15 ಅಂದ್ರ ಕಾರ್ಡಿಂದು 10, ನಿಮ್ಮವು 5. ಉಳಿದ 10 ಟ್ರಾವೆಲ್ ಡೆಸ್ಕಿನ ಹೊಟ್ಟಿಗೆ ಹೋಗ್ಯಾವ. ಹೋಟೆಲಿನ ಬಿಲ್ ಎಲ್ಲಾ ತಗದು ಇಡ್ರಿ, ಒಂದೊಂದಕ್ಕೂ "ಮಿಸ್ಸಿಂಗ್ ಸ್ಟೇ" ಅರ್ಜಿ ಹಾಕ್ರಿ. ತಂಗಿದ ದಿನದಿಂದ ಒಂದು ವರ್ಷದೊಳಗ ಕೇಳಬೇಕು. ಬಿಲ್‌ನಾಗ ರೂಮಿನ ರೇಟು ನಮೂದಾಗಿದ್ರ ಆಸೆ ಅದ, ಬರೇ ಏಜೆಂಟನ ವೋಚರ್ ಇದ್ರ ಕೈ ಬಿಡ್ರಿ.

ಏಲಕ್ಕಿ_ಹಾವೇರಿ
ಆ ಕಾರ್ಡ್ ಡೈನರ್ಸ್ ಅಲ್ಲೇನ್ರಿ, ವೀಸಾ, ರುಪೇ ಥರದ ಬ್ಯಾರೆ ನೆಟ್‌ವರ್ಕು? ನಮ್ಮೂರಾಗ ಅರ್ಧ ಅಂಗಡಿ ಮಷೀನು "ನಾಟ್ ಸಪೋರ್ಟೆಡ್" ಅಂತೈತಿ. ಸ್ಟೇಟಸ್ ಆಮ್ಯಾಲ ಆಗಲಿ, ಮೊದಲು ಕಾರ್ಡ್ ಉಜ್ಜಾಕರ ಬರಬೇಕಲ್ಲ.

ಪೇಢೆ_ಪಾಯಿಂಟ್ಸ್
@ಏಲಕ್ಕಿ_ಹಾವೇರಿ ಮಷೀನು ಯಾವ ಬ್ಯಾಂಕಿಂದು ಅಂತ ನೋಡಿ ಕೊಡ್ರಿ. ಎಚ್‌ಡಿಎಫ್‌ಸಿ ಮಷೀನ್ ಇದ್ದಲ್ಲಿ ಡೈನರ್ಸ್ ಚಲೋ ನಡೀತದ. ಕೊಪ್ಪಿಕರ್ ರೋಡಿನಾಗ ಒಂದೇ ಗಲ್ಲಾದ ಮ್ಯಾಲ ಎರಡೆರಡು ಮಷೀನ್ ಇಟ್ಟಿರ್ತಾರ, ಇನ್ನೊಂದನ್ನ ಕೊಡ್ರಿ ಅಂದ್ರ ಕೊಡ್ತಾರ.

ಏಲಕ್ಕಿ_ಹಾವೇರಿ
ಕೊಪ್ಪಿಕರ್ ರೋಡ್ ಹುಬ್ಬಳ್ಯಾಗೈತ್ರಿ. ನಾ ಹಾವೇರಿ ಮಾತಾಡಾಕತ್ತೇನಿ. ಮ್ಯಾಲ ಯುಪಿಐಗೂ ಡೈನರ್ಸ್ ಲಿಂಕ್ ಆಗೂದಿಲ್ಲ, ರುಪೇ ಆಗಿದ್ರ ಚಾದಂಗಡಿ ತನಕ ನಡೀತಿತ್ತು.

ಮುದ್ರಣಕಾಶಿ (ಗದಗ)
ಮಷೀನಿನ ಮಾತು ಆಮ್ಯಾಲ ಆಡೂಣು. @ಚಿಗರಿ_ಸವಾರ, 15 ಅನ್ನೂದು ಎರಡು ರೀತಿ ಬರಬಹುದು. ಕಾರ್ಡಿನ 10 ಮತ್ತ ನಿಮ್ಮ 5 ಇರಬಹುದು, ಅದು ಪೇಢೆಯವರ ವಾದ. ಕಾರ್ಡಿಂದು ಸೊನ್ನಿ, ನಿಮ್ಮವೇ 15 ಇದ್ರೂ ಆಪ್ ತೋರಸೂದು ಇದನ್ನೇ.

ಸಿಲ್ವರ್ ಬಂದೈತಿ ಅಂದ್ರ ಕಾರ್ಡ್ ಲಿಂಕ್ ಆಗೈತಿ ಅಂತ ಹೇಳಾಕ ಬರೂದಿಲ್ಲ. ಸಿಲ್ವರಿಗೆ 10 ರಾತ್ರಿ ಸಾಕು. 15 ರಾತ್ರಿ ತಂಗಿದವ್ರಿಗೆ ಕಾರ್ಡ್ ಇಲ್ಲದಿದ್ರೂ ಸಿಲ್ವರ್ ಬರ್ತೈತಿ.

ಆಪ್‌ನಾಗ ಅಕೌಂಟ್ ಒಳಗ ಆ್ಯಕ್ಟಿವಿಟಿ ತಗೀರಿ. ಪ್ರತಿ ತಂಗುವಿಕೆ ಹೋಟೆಲಿನ ಹೆಸರಿನ ಸಂಗತಿ ಬರ್ತೈತಿ, ಅದರ ರಾತ್ರಿ ಕೂಡಿಸ್ರಿ. ಕಾರ್ಡಿನ 10 ಹೋಟೆಲ್ ಹೆಸರಿಲ್ಲದ ಬ್ಯಾರೆ ಸಾಲಾಗಿ ಬರಬೇಕು. ಅದಕ್ಕಿಂತ ಗಟ್ಟಿ ಪರೀಕ್ಷೆ ಇನ್ನೊಂದೈತಿ. ಈ ಕಾರ್ಡಿನ ಪಾಯಿಂಟ್ಸ್ ಬ್ಯಾಂಕಿನ ಖಾತೆದಾಗ ಕೂಡೂದಿಲ್ಲ, ನೇರ ಬೋನ್‌ವಾಯ್ ನಂಬರಿಗೆ ಹೋಗ್ತಾವ: ಮ್ಯಾರಿಯಟ್ ಹೋಟೆಲಿನಾಗ ₹150ಕ್ಕ 8, ಪ್ರಯಾಣ ಮತ್ತ ಊಟಕ್ಕ 4, ಉಳಿದ ಖರೀದಿಗೆ 2. ನಿಮ್ಮ ಕಿರಾಣಿ ಖರೀದಿ ಪಾಯಿಂಟ್ಸ್ ಆ ಪಟ್ಟಿಯಾಗ ಒಂದೂ ಇಲ್ಲಂದ್ರ ಕಾರ್ಡ್ ಈ ನಂಬರಿಗೆ ಕಟ್ಟೇ ಇಲ್ಲ.

ಉಣಕಲ್_ಲಾಂಜ್
ಇಷ್ಟೆಲ್ಲಾ ಒದ್ದಾಟ ಯಾಕ್ರಿ. ಅಮೆಕ್ಸ್ (ಅಮೆರಿಕನ್ ಎಕ್ಸ್‌ಪ್ರೆಸ್) ಪ್ಲಾಟಿನಂ ಕಾರ್ಡ್ ತಗೋರಿ. ಫೀಸು ₹66,000, ಮ್ಯಾಲ ಜಿಎಸ್‌ಟಿ. ಮ್ಯಾರಿಯಟ್ ಗೋಲ್ಡ್, ಹಿಲ್ಟನ್ ಹೋಟೆಲಿನವ್ರ ಗೋಲ್ಡ್ ಎರಡೂ ಎನ್‌ರೋಲ್ ಮಾಡಿದ್ರ ಮುಗೀತು. ನನ್ನ ವಾಲೆಟ್‌ದಾಗ ಅದೂ ಐತಿ, ಈ ಡೈನರ್ಸೂ ಐತಿ, ಮ್ಯಾಲ ಅಮೆರಿಕಾದಾಗಿನ ತಮ್ಮನ ಹಂತ್ಯಾಕ ಮ್ಯಾರಿಯಟ್‌ದೇ ಅಮೆಕ್ಸ್ ಬ್ರಿಲಿಯಂಟ್ ಕಾರ್ಡ್ ಐತಿ: 650 ಡಾಲರ್ ಫೀಸು, ನೇರ ಮ್ಯಾರಿಯಟ್ ಪ್ಲಾಟಿನಂ ದರ್ಜೆ, ವರ್ಷಕ್ಕ 25 ರಾತ್ರಿ.

ಏಲಕ್ಕಿ_ಹಾವೇರಿ
ತಮ್ಮನ ಕಾರ್ಡ್ ನಿಮ್ಮ ವಾಲೆಟ್ ಲೆಕ್ಕಕ್ಕ ಯಾವಾಗ ಬಂತ್ರಿ? ಎಪ್ಪತ್ತು ಸಾವಿರದ ಮ್ಯಾಲ ರೊಕ್ಕ ಸುರಿದು ಎರಡು ತಾಸು ಹೆಚ್ಚಿಗೆ ಮಲಗೂದಾದ್ರ ಮನ್ಯಾಗೇ ಮಲಗಬಹುದು.

ಮುದ್ರಣಕಾಶಿ
@ಉಣಕಲ್_ಲಾಂಜ್ ಅಮೆಕ್ಸ್ ಕೊಡೂದು ಗೋಲ್ಡ್ ಅನ್ನೋ ಸ್ಟೇಟಸ್ ಅಷ್ಟೇ, ರಾತ್ರಿ ಒಂದೂ ಕೊಡೂದಿಲ್ಲ. ಖಾತೆ ಗೋಲ್ಡ್ ತೋರಿಸಿದ್ರೂ ರಾತ್ರಿ ಲೆಕ್ಕ ಸೊನ್ನಿಯಿಂದ ಚಾಲೂ. ಪ್ಲಾಟಿನಂಗೆ 50 ಬೇಕಂದ್ರ 50ನೂ ಎಣಿಸಬೇಕು. ಡೈನರ್ಸ್ ಕೊಡೂದು 10 ರಾತ್ರಿ, ಅವು ನೀವು ತಂಗಿದ್ದರ ಜೋಡಿ ಕೂಡ್ತಾವ, ಲೈಫ್‌ಟೈಮ್ (ಜೀವನಪೂರ್ತಿ ದರ್ಜೆ) ಲೆಕ್ಕಕ್ಕೂ ಬರ್ತಾವ. ಎರಡೂ ಕಾರ್ಡ್ ಇದ್ದವ್ರು ಒಂದರ ಮ್ಯಾಲ ಒಂದು ಕೂಡಸ್ತೇವಿ ಅಂತ ತಿಳೀತಾರ, ಹಂಗಿಲ್ಲ.

ನಮ್ಮ ಕಡೆ ಇದ್ದು ಅಮೆರಿಕಾದ ಕಾರ್ಡಿನ ಮಾತು ಉಪಯೋಗಿಲ್ಲ. ಅಲ್ಲಿ ಕ್ರೆಡಿಟ್ ಹಿಸ್ಟರಿ ಇದ್ದವ್ರಿಗೆ ಅದು.

ಪೇಢೆ_ಪಾಯಿಂಟ್ಸ್
ನಾ ಇನ್ನೂ ಅಂತೇನಿ, ಟ್ರಾವೆಲ್ ಡೆಸ್ಕೇ. ಆಫೀಸ್ ಬುಕಿಂಗ್ ಇದ್ದಲ್ಲಿ ನೂರಕ್ಕ ತೊಂಬತ್ತು ಇದೇ ಇರ್ತದ. ಬಿಲ್ ಹಾಕ್ರಿ ಮೊದಲ.

ಚಿಗರಿ_ಸವಾರ
ಆ್ಯಕ್ಟಿವಿಟಿ ನೋಡಿದೆ. ಬೆಂಗಳೂರು, ಪುಣೆ, ಬೆಳಗಾವಿ ಫೇರ್‌ಫೀಲ್ಡ್, ಎಲ್ಲಾ ಹೋಟೆಲ್ ಹೆಸರಿನವೇ, ಕೂಡಿಸಿದ್ರ ಸರಿಯಾಗಿ 15. ಆಫೀಸಿನವೂ ಬಂದಾವ. ಕಾರ್ಡಿಂದು ಒಂದು ಸಾಲೂ ಇಲ್ಲ, ಪಾಯಿಂಟೂ ಇಲ್ಲ. ಹಂಗಾದ್ರ 10 ರಾತ್ರಿ ಎಲ್ಲಿ ಹೋದವು?

ಮುದ್ರಣಕಾಶಿ
ಬ್ಯಾರೆ ನಂಬರಿಗೆ ಹೋಗ್ಯಾವ. ಮೂರು ಹೇಳ್ರಿ: ಅರ್ಜಿ ತುಂಬುವಾಗ ನಿಮ್ಮ ಹಳೇ ಬೋನ್‌ವಾಯ್ ನಂಬರ್ ಹಾಕಿದ್ರೇನು? ಕಾರ್ಡಿನ ಮ್ಯಾಲಿನ ಹೆಸರು, ಬೋನ್‌ವಾಯ್‌ದಾಗಿನ ಹೆಸರು ಒಂದೇ ಐತೇನು? ಬ್ಯಾಂಕಿಗೆ ಕೊಟ್ಟ ಇಮೇಲ್ ಯಾವುದು?

ಚಿಗರಿ_ಸವಾರ
ಅರ್ಜಿ ಏಜೆಂಟ್ ಟ್ಯಾಬ್‌ನಾಗ ತುಂಬಿದ, ನಾ ಒಟಿಪಿ ಅಷ್ಟೇ ಹೇಳಿದ್ದು. ಕಾರ್ಡಿನ ಮ್ಯಾಲ ಪ್ಯಾನ್‌ನಾಗ ಇದ್ದಂಗ ನನ್ನ ಹೆಸರು, ಅಪ್ಪಾರ ಹೆಸರು, ಅಡ್ಡಹೆಸರು. ಬೋನ್‌ವಾಯ್‌ದಾಗ ನನ್ನ ಹೆಸರು, ಅಡ್ಡಹೆಸರು ಎರಡೇ. ಬ್ಯಾಂಕಿಗೆ ಜಿಮೇಲ್, ಬೋನ್‌ವಾಯ್‌ಗೆ ಆಫೀಸ್ ಮೇಲ್.

ಮುದ್ರಣಕಾಶಿ
ಅದೇ. ಅರ್ಜಿಯಾಗ ಮೆಂಬರ್ ನಂಬರ್ ಜಾಗ ಖಾಲಿ ಬಿಟ್ರ ಅರ್ಜಿಯ ಹೆಸರು, ಇಮೇಲಿನ ಮ್ಯಾಲ ಹೊಸ ಬೋನ್‌ವಾಯ್ ಖಾತೆ ತಯಾರಾಗ್ತೈತಿ. ನಿಮ್ಮ ಹಳೇ ಖಾತೆದಾಗ ಹೆಸರೂ ಬ್ಯಾರೆ, ಮೇಲೂ ಬ್ಯಾರೆ. ಇಬ್ಬರೂ ಒಬ್ಬರೇ ಅಂತ ಸಿಸ್ಟಮಿಗೆ ತಿಳಿಯೂ ದಾರಿ ಇಲ್ಲ. ನಮ್ಮ ಭಾಗದಾಗ ನಡುವ ಅಪ್ಪಾರ ಹೆಸರು ಬರೂ ರೂಢಿ ಇರೂದ್ರಿಂದ ವಿಮಾನದ ಮೈಲ್ಸ್ ಖಾತೆಗಳಾಗೂ ಇದೇ ತೊಡಕು.

ಜಿಮೇಲ್ ತಗದು "ಬೋನ್‌ವಾಯ್" ಅಂತ ಇಂಗ್ಲಿಷ್ ಸ್ಪೆಲಿಂಗಿನಾಗ ಹುಡುಕ್ರಿ. ಪ್ರಮೋಶನ್ಸ್, ಸ್ಪ್ಯಾಮ್ ಎರಡೂ ನೋಡ್ರಿ. ಸ್ವಾಗತದ ಮೇಲ್‌ನಾಗ ಮೆಂಬರ್ ನಂಬರ್ ಇರ್ತೈತಿ. ಆ ಜಿಮೇಲ್ ಹಾಕಿ "ಪಾಸ್‌ವರ್ಡ್ ಮರೆತೆ" ಒತ್ತಿದ್ರ ಒಳಗ ಹೋಗಬಹುದು.

ಚಿಗರಿ_ಸವಾರ
ಹೌದ್ರೀ, ಪ್ರಮೋಶನ್ಸ್‌ನಾಗ ಬಿದ್ದಿತ್ತು! ಒಳಗ ಹೋದೆ: ಸಿಲ್ವರ್, 10 ರಾತ್ರಿ, ಖರೀದಿ ಪಾಯಿಂಟ್ಸ್, ಮ್ಯಾಲ 15,000 ಪಾಯಿಂಟ್ ತನಕದ ರೂಮಿನಾಗ ಒಂದು ರಾತ್ರಿ ಪುಕ್ಕಟೆ ತಂಗೂ ಫ್ರೀ ನೈಟ್ ಅವಾರ್ಡ್. ಅದು ಐತಿ ಅನ್ನೂದೇ ಗೊತ್ತಿದ್ದಿಲ್ಲ. ಆ ಏಜೆಂಟಗ ಎರಡು ಮಾತು ಅನ್ನಬೇಕು.

ಪೇಢೆ_ಪಾಯಿಂಟ್ಸ್
ಹಂಗಾದ್ರ ಇವತ್ತೇ ಮುಗಸ್ರಿ. ಮೆಂಬರಿಂದ ಮೆಂಬರಿಗೆ ಪಾಯಿಂಟ್ಸ್ ಕಳಸೂ ಸೌಲಭ್ಯ ಅದ, ವರ್ಷಕ್ಕ 1,00,000 ತನಕ. ಹಳೇ ನಂಬರಿಗೆ ಕಳಿಸಿಬಿಡ್ರಿ.

ಮುದ್ರಣಕಾಶಿ
ಕಳಸಬ್ಯಾಡ್ರಿ. ಹಂಗ ಹೋಗೂದು ಪಾಯಿಂಟ್ಸ್ ಅಷ್ಟೇ. ರಾತ್ರಿ ಹೋಗೂದಿಲ್ಲ, ಫ್ರೀ ನೈಟ್ ಅವಾರ್ಡೂ ಹೋಗೂದಿಲ್ಲ. ನಿಮಗ ಬೇಕಾದ್ದೇ ಆ ಎರಡು. ಎರಡೂ ಖಾತೆ ಮರ್ಜ್ ಮಾಡಿಸಿ ಒಂದೇ ಮಾಡೂದೇ ದಾರಿ, 10 ಮತ್ತ 15 ಕೂಡಿ 25 ಆಗ್ತಾವ.

ಮೊದಲು ಎರಡೂ ಖಾತೆದಾಗ ಹೆಸರು, ಹುಟ್ಟಿದ ದಿನ, ವಿಳಾಸ, ಮೊಬೈಲ್ ಒಂದೇ ಥರ ಮಾಡ್ರಿ. ಹೆಸರನ್ನ ಆಪ್‌ನಾಗ ನೀವಾಗೇ ಬದಲಿಸಾಕ ಬರಲಿಲ್ಲಂದ್ರ ಚಾಟ್‌ನಾಗ ಹೇಳ್ರಿ, ಗುರುತಿನ ಚೀಟಿ ಕೇಳ್ತಾರ. ಪಾಸ್‌ಪೋರ್ಟಿನ ಹೆಸರೇ ಇಡ್ರಿ. ಎರಡೂ ಖಾತೆಯ ಸ್ಕ್ರೀನ್‌ಶಾಟ್ ತಗೀರಿ: ರಾತ್ರಿ, ಪಾಯಿಂಟ್ಸ್, ಅವಾರ್ಡಿನ ಕಡೇ ದಿನಾಂಕ. ಆಮ್ಯಾಲ ಚಾಟ್‌ನಾಗ ಎರಡೂ ನಂಬರ್ ಕೊಟ್ಟು ಮರ್ಜ್ ಕೇಳ್ರಿ.

ಉಳಿಸಿಕೊಳ್ಳೂದು ಹೊಸ ನಂಬರ್, ಅಂದ್ರ ಕಾರ್ಡಿಗೆ ಕಟ್ಟಿದ್ದು. ಹಳೇದರ ಮ್ಯಾಲ ಪ್ರೀತಿ ಇರ್ತೈತಿ, ಬಾಯಿಪಾಠ ಆಗಿರ್ತೈತಿ, ಆದ್ರ ಹಳೇದು ಉಳಿಸಿದ್ರ ಬ್ಯಾಂಕಿನ ದಾಖಲೆದಾಗ ನಂಬರ್ ಬದಲಿಸೂ ಇನ್ನೊಂದು ಕೆಲಸ ತಲಿಮ್ಯಾಲ ಬೀಳ್ತೈತಿ. ಮುಂದ ಬರೂ ಪಾಯಿಂಟ್ಸ್, ಬರೂ ವರ್ಷದ 10 ರಾತ್ರಿ ಮತ್ತ ಎಲ್ಲೋ ಹೋಗಿ ಕುಂಡ್ರಬಾರದು.

ಹಳೇ ನಂಬರಿನ ಮ್ಯಾಲ ಗೋವಾ ಬುಕಿಂಗ್ ಇದ್ರ ಮರ್ಜ್ ಆದ ಕೂಡಲೇ ಅದರಾಗಿನ ಮೆಂಬರ್ ನಂಬರ್ ನೋಡ್ರಿ, ಹಳೇದೇ ಇದ್ರ ಹೊಸದು ಹಾಕ್ರಿ. ಅವಾರ್ಡ್ ಕಾಣದಿದ್ರ ಸ್ಕ್ರೀನ್‌ಶಾಟ್ ತೋರಿಸಿ ಕೇಳ್ರಿ. ಅದರ ಅವಧಿ ಒಂದು ವರ್ಷ ಅಷ್ಟೇ, ಮರೀಬ್ಯಾಡ್ರಿ.

ಉಣಕಲ್_ಲಾಂಜ್
ಆ 15,000ದ ಅವಾರ್ಡ್ ಗೋವಾದಾಗ ಸೀಸನ್‌ನಾಗ ಯಾವ ಮೂಲಿಗೂ ಸಾಲೂದಿಲ್ಲ. ನನ್ನ ಕಾರ್ಡಿನ ಮ್ಯಾಲ ವರ್ಷದ್ದು ಒಂದು, 6 ಲಕ್ಷ ಖರ್ಚಿಗೆ ಒಂದು, 9 ಲಕ್ಷಕ್ಕ ಒಂದು, 15 ಲಕ್ಷಕ್ಕ ಇನ್ನೊಂದು ಬಂದಾವ, ನಾಕೂ ಕೂಡಿಸಿ...

ಮುದ್ರಣಕಾಶಿ
ಸಾಲದಿದ್ರ ಸ್ವಂತ ಪಾಯಿಂಟ್ಸ್ 15,000 ತನಕ ಮ್ಯಾಲ ಹಾಕಬಹುದು, 30,000ದ ರೂಮ್ ತನಕ ನಡೀತೈತಿ. 2022ರಿಂದ ಅವಾರ್ಡ್ ಚಾರ್ಟ್ (ಹೋಟೆಲಿನ ಪಾಯಿಂಟ್ ರೇಟಿನ ಸ್ಥಿರ ಪಟ್ಟಿ) ಇಲ್ಲ, ಅದೇ ಹೋಟೆಲ್ ರವಿವಾರ ಒಂದು ರೇಟು, ಶನಿವಾರ ಒಂದು ರೇಟು. ದಿನಾಂಕ ಹಿಂದಮುಂದ ಮಾಡಿ ನೋಡ್ರಿ. ಹಳೇ ಖಾತೆದಾಗಿನ ಪಾಯಿಂಟ್ಸ್ ಮರ್ಜ್ ಆದ ಮ್ಯಾಲ ಇದಕ್ಕೇ ಬರ್ತಾವ. ಅವಾರ್ಡಿನ ರಾತ್ರಿಗೂ ಎಲೈಟ್ ಕ್ರೆಡಿಟ್ ಸಿಗ್ತೈತಿ.

ಏಲಕ್ಕಿ_ಹಾವೇರಿ
ಗೋಲ್ಡ್ ಆದ್ರ ಬೆಳಿಗ್ಗೆ ನಾಷ್ಟಾ ಫುಕಟ್ ಏನ್ರಿ?

ಪೇಢೆ_ಪಾಯಿಂಟ್ಸ್
ಸಿಗ್ತದ.

ಮುದ್ರಣಕಾಶಿ
ಇಲ್ಲ. ಪುಕ್ಕಟೆ ನಾಷ್ಟಾ ಹಿಲ್ಟನ್ ಗೋಲ್ಡಿಂದು. ಮ್ಯಾರಿಯಟ್ ಗೋಲ್ಡಿಗೆ ಪಾಯಿಂಟ್ಸ್ ಮ್ಯಾಲ 25% ಹೆಚ್ಚಿಗೆ, ಸ್ವಲ್ಪ ಚಲೋ ರೂಮ್, 2 ಗಂಟೆ ಚೆಕ್‌ಔಟ್. ಅದೂ ರೂಮ್ ಖಾಲಿ ಇದ್ರ. ಲಾಂಜ್, 4 ಗಂಟೆ ಚೆಕ್‌ಔಟ್ ಬೇಕಂದ್ರ ಪ್ಲಾಟಿನಂ. ಬರೇ ಕಾರ್ಡಿನ ಸಿಲ್ವರ್ ಅಂದ್ರ 10% ಪಾಯಿಂಟ್ಸ್ ಬಿಟ್ರ ಹೇಳಿಕೊಳ್ಳೂವಂಥದ್ದು ಏನಿಲ್ಲ. ಈ ಕಾರ್ಡಿನ ಬೆಲಿ ಇರೂದು ಆ ಒಂದು ಫ್ರೀ ನೈಟ್‌ನಾಗ.

ನಿರ್ವಾಹಕ
ಡೈನರ್ಸ್ ಮಷೀನ್ ಚರ್ಚೆಯನ್ನು ಇನ್ನು ಬೇರೆ ಎಳೆಯಲ್ಲಿ ಮುಂದುವರಿಸಿ. ಯಾರ ವಾಲೆಟ್‌ನಲ್ಲಿ ಏನಿದೆ ಎಂಬುದಕ್ಕೆ "ನಿಮ್ಮ ಕಾರ್ಡ್ ತೋರಿಸಿ" ವಿಭಾಗವಿದೆ. ಇಲ್ಲಿ ಮೆಂಬರ್ ನಂಬರ್ ಇರುವ ಸ್ಕ್ರೀನ್‌ಶಾಟ್ ಹಾಕಬೇಡಿ.

ಚಿಗರಿ_ಸವಾರ
ಚಾಟ್‌ನಾಗ ಮರ್ಜ್ ಕೇಳೇನಿ. ಹೆಸರು ಎರಡು ಥರ ಐತಿ ಅಂತ ಪಾಸ್‌ಪೋರ್ಟ್ ಪ್ರತಿ ಕೇಳ್ಯಾರ, ಕಳಿಸೇನಿ. ಗೋವಾಕ್ಕ ಹೋಗೂದ್ರೊಳಗ ಆಗದಿದ್ರ ಚೆಕ್‌ಇನ್‌ದಾಗ ಯಾವ ನಂಬರ್ ಕೊಡ್ಲಿ?

ಮುದ್ರಣಕಾಶಿ
ಎರಡರಾಗೂ ಸಿಲ್ವರೇ, ಆ ಮಟ್ಟಿಗೆ ಯಾವುದಾದ್ರೂ ಒಂದೇ. ಉಳಿಯೂ ನಂಬರ್ ಕೊಡ್ರಿ, ರಾತ್ರಿ ಅಲ್ಲೇ ಬೀಳಲಿ. ತಡಾ ಆದ್ರೂ ಡಿಸೆಂಬರ್ ಮುಗಿಯೂದ್ರೊಳಗ ಮರ್ಜ್ ಮಾಡಸ್ರಿ, ಜನವರಿಗೆ ಎಣಿಕೆ ಮತ್ತ ಸೊನ್ನಿ. ಈ ವರ್ಷ ಗೋಲ್ಡ್ ಆದ್ರ ಬರೂ ವರ್ಷ ಪೂರ್ತಿ, ಅದರಾಚೆ ಫೆಬ್ರುವರಿ ಕಡೀ ತನಕ ಇರ್ತೈತಿ.

ಪೇಢೆ_ಪಾಯಿಂಟ್ಸ್
ಆಫೀಸಿನ ಬುಕಿಂಗ್ ಯಾವ ಪೋರ್ಟಲ್ ಅಂತ ಕೇಳಿ ಹೇಳ್ರಿ. ಎಲ್ಲಾ ಲೆಕ್ಕಕ್ಕ ಬಂದಾವಂದ್ರ ನನಗೂ ಅದೇ ಬೇಕಾಗೇದ.