ಪದಚರ್ಚೆ: ಸಿನಿಮಾ ಜಾಕೀಟಿನ ‘ಸ್ಕ್ರೀನ್ ಅಕ್ಯುರೇಟ್’ಗೆ ಕನ್ನಡದಲ್ಲಿ ಏನು? (ನಾಳೆ ಅಚ್ಚಿಗೆ)

ಟಿಳಕವಾಡಿ, ಬೆಳಗಾವಿ:

ನಮಸ್ಕಾರ. ಎರಡು ಕಾಗದ ನಾಳೆ ಮಧ್ಯಾಹ್ನದೊಳಗೆ ಸಿದ್ಧವಾಗಬೇಕು. ವೈಜ್ಞಾನಿಕ ಕಾಲ್ಪನಿಕ ಚಿತ್ರವೊಂದರ ನೌಕಾಚಾಲಕನ ಜಾಕೀಟು ಎರಡನೇ ಸಲ ಹೊಲಿಗೆಗೆ ಹೋಗುತ್ತಿದೆ. ಪ್ರದರ್ಶನದಲ್ಲಿ ಅದರ ಪಕ್ಕ ನಿಲ್ಲಿಸುವ ಫಲಕ ಒಂದು, ಸಿಂಪಿಗರ ಕೈಗೆ ಕೊಡುವ ಚೀಟಿ ಒಂದು. ಮೊದಲಿನದರಲ್ಲಿ ಭುಜದ ಹೊಲಿಗೆ ಸಾಲುಗಳ ನಡುವೆ 2.5 ಸೆಂ.ಮೀ. ಇತ್ತು, ಚಿತ್ರದ ಚೌಕಟ್ಟು (ಫ್ರೇಮ್) ಅಳೆದರೆ 1.8 ಬರುತ್ತದೆ. ಕಾಲರ್ ಅರ್ಧ ಇಂಚು ಹೆಚ್ಚು ಎತ್ತರ, ಬಣ್ಣ ಹಸಿರಿಗೆ ವಾಲಿತ್ತು. ಈ ಸಲ ಇವೆಲ್ಲ ತಿದ್ದುಪಡಿಯಾಗಬೇಕು.

ಬೇಕಾದ ಪದಗಳು: ಸ್ಕ್ರೀನ್ ಅಕ್ಯುರೇಟ್ (ಚಿತ್ರದಲ್ಲಿರುವ ಉಡುಪಿಗೆ ತಕ್ಕ ಹಾಗೆಯೇ ಮಾಡಿದ್ದು), ಕ್ವಿಲ್ಟಿಂಗ್ (ಪದರಗಳನ್ನು ಸೇರಿಸಿ ಸಾಲುಸಾಲಾಗಿ ಹೊಲಿಯುವುದು), ಪೈಪಿಂಗ್ (ಒಳಗೆ ಹುರಿ ಇಟ್ಟ ಉಬ್ಬಂಚು), ವೆದರಿಂಗ್ (ಹೊಸ ಬಟ್ಟೆಯನ್ನು ಹಳತಾದಂತೆ ಕಾಣಿಸುವುದು). ಸದ್ಯಕ್ಕೆ ತೆರೆನಿಖರ, ಮೆತ್ತೆಹೊಲಿಗೆ, ಕೊಳವೆಯಂಚು, ಹವಾಮಾನೀಕರಣ ಎಂದು ಬರೆದಿಟ್ಟಿದ್ದೇನೆ. ಕೊನೆಯದು ನನಗೂ ಒಗ್ಗಿಲ್ಲ.

ಬಾಗಲಕೋಟೆ:

ಹವಾಮಾನೀಕರಣ ಅಳಿಸಿರಿ. ಕೊಳವೆಯಂಚನ್ನೂ ಅಳಿಸಿರಿ, ಓದಿದವರಿಗೆ ಬೋರ್‌ವೆಲ್ ಕಾಣತದ. ಸಿಂಪಿಗರು ಪೈಪಿಂಗ್ ಅಂತಾರ, ಪೈಪಿಂಗ್ ಅಂತನ ಬರೀರಿ.

ವೆದರಿಂಗ್‌ಗೆ ನಮ್ಮಲ್ಲಿ ಒಂದಲ್ಲ, ಎರಡು ಪದ ಅದಾವ. ತಿಕ್ಕಿ ನೂಲು ತೆಳ್ಳಗಾದರ ಅದು ಸವೆತ. ಮಣ್ಣು, ಬೆವರು, ಬಿಸಿಲು ಕುಡಿದು ಬಣ್ಣ ಕುಂದಿದರ ಅದು ಮಾಸುವುದು. ಕೆಲಸನೂ ಎರಡು, ಅದೂ ಇದೇ ಕ್ರಮದಾಗ. ಮೊದಲು ಒಗೆದು ಗಂಜಿ ತೆಗೀಬೇಕು. ಆಮೇಲೆ ತೋಳಿನ ತುದಿ, ಮೊಣಕೈ, ಕಿಸೆಬಾಯಿಗೆ 220 ನಂಬರ್ ಮರಳುಕಾಗದ. ಅದಾದ ಮೇಲೆ ಚಹಾದ ನೀರು, ಮುಲ್ತಾನಿ ಮಿಟ್ಟಿ. ಮೊದಲು ಮಾಸಿಸಿ ಆಮೇಲೆ ಸವೆಸಿದರ ತಿಕ್ಕಿದ ಜಾಗ ಹೊಸದರಂಗ ಬೆಳ್ಳಗ ಎದ್ದು ಕಾಣತದ. ಪೈಪಿಂಗಿನ ಮ್ಯಾಲೆ ಮರಳುಕಾಗದ ಆಡಿಸಬ್ಯಾಡ್ರಿ. ಅದು ಉಬ್ಬಿರೂದರಿಂದ ನಾಲ್ಕು ತಿಕ್ಕಿಗೇ ಒಳಗಿನ ಹುರಿ ಹೊರಗ ಬರತದ.

ಚೀಟಿಯೊಳಗ ‘ಸವೆಸು’, ‘ಮಾಸಿಸು’ ಅಂತ ಎರಡು ಸಾಲು ಮಾಡ್ರಿ.

ಗೋಕಾಕ:

ಮೂಲದಲ್ಲೇ ತಪ್ಪಿದೆ. ‘ಜಾಕೀಟು’ ಇಂಗ್ಲಿಷು. ಕನ್ನಡದಲ್ಲಿ ಕುಪ್ಪಸ ಇರುವಾಗ ಸಾಲ ಏಕೆ? ಸ್ಕ್ರೀನ್ ಅಕ್ಯುರೇಟ್‌ಗೆ ‘ಪಡಿಯಚ್ಚು’, ಅಚ್ಚಗನ್ನಡ, ಚಿಕ್ಕದು. ಕ್ವಿಲ್ಟಿಂಗ್‌ಗೆ ‘ಕೌದಿ’. ‘ಕವಿ’ ಎಂಬ ಧಾತುವಿನಿಂದ ಬಂದಿರಬೇಕು, ಮೈಮೇಲೆ ಕವಿಯುವುದು ಕವುದಿ, ಅದೇ ಕೌದಿ. ಈ ಧಾತುವಿನಿಂದಲೇ ‘ಕವಿಹೊಲಿಗೆ’ ಎಂಬ ಹೊಸ ಪದವನ್ನೂ ಕಟ್ಟಬಹುದು. ‘ನಿಖರ’, ‘ಯಥಾವತ್’ ಮುಂತಾದವು ಫಲಕದಲ್ಲಿ ಬೇಡ.

ಗುಳೇದಗುಡ್ಡ:

ಕುಪ್ಪಸ ಅಂತ ಬರೀರಿ, ಬಂದವರೆಲ್ಲ ನಗಲಿ. ಖಣದೂರಿನ್ಯಾಗ ನಿಂತು ಹೇಳಾಕತ್ತೀನಿ, ಕುಬಸ ಅಂದ್ರ ಹೆಂಗಸರು ತೊಡೂದು. ‘ಕುಬಸ ಮಾಡೂದು’ ಅಂದ್ರ ಬಸರಿಗೆ ಮಾಡೋ ಕಾರ್ಯ. ಗಗನನೌಕೆ ನಡಸಾಂವಗ ಕುಬಸದ ಕಾರ್ಯ ಮಾಡ್ತೀರೇನು?

ಇನ್ನ ಕುಪ್ಪಸ ಅಚ್ಚಗನ್ನಡ ಅಂದವರಿಗೆ: ಅದು ಸಂಸ್ಕೃತದ ಕೂರ್ಪಾಸದ ತದ್ಭವ. ಪಡಿಯಚ್ಚಿನ ‘ಪಡಿ’ನೂ ‘ಪ್ರತಿ’ಯಿಂದ ಪ್ರಾಕೃತದ ದಾರಿ ಹಿಡಿದು ಬಂದದ್ದು. ಸಾಲ ಹಳೇದಾದ್ರ ಸ್ವಂತದ್ದು ಆಗತದೋ?

ಗೋಕಾಕ:

ತದ್ಭವ ಬೇರೆ, ಸಾಲ ಬೇರೆ. ನಾಲಿಗೆಗೆ ಹೊಂದಿಸಿಕೊಂಡಿದ್ದು ನಮ್ಮದು.

ವಿಜಯಪುರ:

ಹಾಗಾದರೆ ಜ್ಯಾಕೆಟ್ಟನ್ನು ನಾಲಿಗೆಗೆ ಹೊಂದಿಸಿಕೊಂಡಿದ್ದೇ ಜಾಕೀಟು. ನಿಮ್ಮ ಸೂತ್ರದಲ್ಲೇ ಅದು ಪಾಸಾಯಿತು.

ಸಿಂಪಿಗರ ಮೇಜಿನ ಮೇಲಿನ ಪದಗಳನ್ನು ಒಮ್ಮೆ ಎಣಿಸಿ. ಅಸ್ತರ ಪಾರಸಿ, ಕಿಸೆ ಪಾರಸಿ, ದರ್ಜಿ ಪಾರಸಿ. ಕಾಜ ಪೋರ್ಚುಗೀಸರ ‘ಕಾಸಾ’, ಅಂದರೆ ಮನೆ, ಗುಂಡಿಯ ಮನೆ. ಬಕರಂ ಇಂಗ್ಲಿಷು. ಇವನ್ನೆಲ್ಲ ವಾಪಸು ಕೊಟ್ಟರೆ ಜಾಕೀಟಿನಲ್ಲಿ ತೋಳು, ಗುಂಡಿ, ಹೊಲಿಗೆ ಇಷ್ಟೇ ಉಳಿಯುತ್ತವೆ. ಸೂಜಿಯೂ ಹೋಗುತ್ತದೆ, ಅದು ಸೂಚಿ. ಅಸ್ತರ ಮರಾಠಿಯದು ಎಂದು ಯಾರಾದರೂ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ: ಮರಾಠಿಗೂ ಅದು ಪಾರಸಿಯಿಂದಲೇ ಬಂದದ್ದು. ಆದಿಲಶಾಹಿ 1686ಕ್ಕೆ ಮುಗಿಯಿತು, ಅಸ್ತರ ಇನ್ನೂ ಹರಿದಿಲ್ಲ.

‘ಕವಿಹೊಲಿಗೆ’ ಕಂಡರೆ ಜನ ಕವಿಗೋಷ್ಠಿ ಎಂದುಕೊಳ್ಳುತ್ತಾರೆ.

ಶಹಾಪುರ, ಬೆಳಗಾವಿ:

ಧಾತು ಆಮೇಲೆ ನೋಡೋಣ. ಚೀಟಿಯಲ್ಲಿ ಬರೀ ‘ಕೌದಿ’ ಎಂದು ಬರೆದರೆ ಬಟ್ಟೆ ಕೆಡುತ್ತದೆ. ಕೌದಿಯಲ್ಲಿ ತುಂಬು ಇರುವುದಿಲ್ಲ, ಹಳೆ ಸೀರೆಗಳ ಪದರ ಮತ್ತು ಕೈಯಿಂದ ಹಾಕಿದ ಓಟದ ಹೊಲಿಗೆ. ತುಂಬು ಇರುವುದು ಗಾದಿಯಲ್ಲಿ, ಆದರೆ ಗಾದಿಗೆ ಸಾಲು ಇಲ್ಲ, ಅಲ್ಲಲ್ಲಿ ಟಾಕಿ ಮಾತ್ರ. ಈ ಜಾಕೀಟಿನ ಭುಜಕ್ಕೆ ಬೇಕಾದ್ದು ಗಾದಿಯ ಒಡಲು, ಕೌದಿಯ ಸಾಲು. ಆದ್ದರಿಂದ ಪದದ ಜೊತೆ ಅಳತೆ ಕೊಡಲೇಬೇಕು: ‘ಕೌದಿ ಸಾಲು, ಮಶಿನ್ ಹೊಲಿಗೆ, ಒಳಗೆ 100 ಜಿಎಸ್‌ಎಂ ಪಾಲಿಯೆಸ್ಟರ್ ಹಾಸು, ಕೆಳಗೆ ತೆಳು ಮಾಂಜರಪಾಟ’. ಜಿಎಸ್‌ಎಂ ಎಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ತೂಕ, ಮಾಂಜರಪಾಟ ಎಂದರೆ ಒರಟು ಹತ್ತಿ ಬಟ್ಟೆ.

1.8 ಸೆಂ.ಮೀ. ಬೇಕೆಂದು 1.8ಕ್ಕೇ ಗೆರೆ ಹಾಕಿದರೆ ಮತ್ತೆ ತಪ್ಪುತ್ತದೆ. ಹಾಸು ಉಬ್ಬಿದಷ್ಟೂ ಮೇಲಿನ ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಅದೇ ಬಟ್ಟೆ, ಅದೇ ಹಾಸಿನಲ್ಲಿ 20 ಸೆಂ.ಮೀ. ಚೌಕ ಹೊಲಿದು ಅಳೆಯಿರಿ. 19ಕ್ಕೆ ಇಳಿದಿದ್ದರೆ ಗೆರೆಯನ್ನು 1.9ಕ್ಕೆ ಹಾಕಿ, ಹೊಲಿದ ಮೇಲೆ 1.8 ಬರುತ್ತದೆ. ಮೊದಲು ಸಾಲು ಹೊಲಿಯಬೇಕು, ಆಮೇಲೆ ಭುಜದ ಆಕಾರ ಕತ್ತರಿಸಬೇಕು. ತಿರುವುಮುರುವಾದರೆ ತುಂಡು ಚಿಕ್ಕದಾಗಿ ತೋಳಿನ ಸುತ್ತಳತೆಗೆ ಕೂಡುವುದಿಲ್ಲ. ನಡುವಿನ ಸಾಲಿನಿಂದ ಆರಂಭಿಸಿ ಎರಡೂ ಕಡೆಗೆ ಹೋಗಿ, ಎಲ್ಲ ಸಾಲೂ ಮೇಲಿನಿಂದ ಕೆಳಕ್ಕೇ. ಒಂದು ಹೋಗುತ್ತ ಒಂದು ಬರುತ್ತ ಹೊಲಿದರೆ ಸಾಲುಗಳ ನಡುವೆ ಓರೆ ಸುಕ್ಕು ಏಳುತ್ತದೆ, ಇಸ್ತ್ರಿಗೂ ಬಗ್ಗುವುದಿಲ್ಲ. ಹೊರಬಟ್ಟೆ ಹತ್ತಿ ಡ್ರಿಲ್ (ಓರೆ ನೇಯ್ಗೆಯ ದಪ್ಪ ಬಟ್ಟೆ) ಆದರೆ ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ಒಗೆದು ಒಣಗಿಸಿ.

ಪೈಪಿಂಗಿಗೆ 3 ಮಿ.ಮೀ. ಹುರಿ. ಪಟ್ಟಿಯ ಅಗಲ ಹೀಗೆ: ಎರಡೂ ಕಡೆ ಹೊಲಿಗೆಗೆ 1.2 ಸೆಂ.ಮೀ., ಹುರಿಯ ಸುತ್ತಿಗೆ ಸುಮಾರು 1, ಒಟ್ಟು 3.4. ಕತ್ತರಿಗೆ 3.5 ಇರಲಿ. ಪಟ್ಟಿಯನ್ನು 45 ಡಿಗ್ರಿ ಓರೆಗೆ ಕತ್ತರಿಸಬೇಕು. ನೇರ ನೂಲಿನಲ್ಲಿ ಕತ್ತರಿಸಿದ್ದು ಕಾಲರಿನ ತಿರುವಿನಲ್ಲಿ ನಿರಿಗೆ ಹಿಡಿಯುತ್ತದೆ. ‘ಓರೆಪಟ್ಟಿ’ ಎಂಬ ಪದ ಎಲ್ಲರಿಗೂ ತಿಳಿಯುತ್ತದೆ, ಅದಕ್ಕೆ ಹೊಸ ಪದ ಕಟ್ಟಲು ಹೋಗಬೇಡಿ.

ಬಾಗಲಕೋಟೆಯವರ ಚಹಾದ ಬಗ್ಗೆ ಒಂದು ಮಾತು. ಹತ್ತಿ ಬಟ್ಟೆ ಚಹಾ ಹಿಡಿಯುತ್ತದೆ, ಪಾಲಿಯೆಸ್ಟರ್ ದಾರ ಹಿಡಿಯುವುದಿಲ್ಲ. ಬಟ್ಟೆಯೆಲ್ಲ ಮಾಸಿ ಹೊಲಿಗೆ ಮಾತ್ರ ಹೊಸದಾಗಿ ಹೊಳೆಯುತ್ತದೆ. ಮೇಲ್ಹೊಲಿಗೆಗೆ ಹತ್ತಿ ದಾರ ಹಾಕಿ, ಅಥವಾ ದಾರದ ಬಣ್ಣವನ್ನೇ ಒಂದು ಮೆಟ್ಟಿಲು ಮಂಕಾಗಿ ಆರಿಸಿ.

ಗೋಕಾಕ:

ಅಳತೆ ಕೇಳಿದವರು ಯಾರು? ಇದು ಪದಚರ್ಚೆ.

ಶಹಾಪುರ, ಬೆಳಗಾವಿ:

ಅಳತೆ ಬಿಟ್ಟ ಪದದಿಂದಲೇ ಮೊದಲ ಜಾಕೀಟು ಕೆಟ್ಟಿದ್ದು. ಮತ್ತೊಮ್ಮೆ ಓದಿರಿ.

ಇಳಕಲ್ಲ:

ಮುಖ್ಯ ಪದ ಹಾಗೇ ಉಳಿದಿದೆ. ಪಡಿಯಚ್ಚು ಇಲ್ಲಿ ಸಲ್ಲದು, ವ್ಯುತ್ಪತ್ತಿಯ ಕಾರಣಕ್ಕಲ್ಲ. ಮೂಲ ವಸ್ತುವಿನ ಮೇಲೆ ಸಿಲಿಕೋನ್ ಸುರಿದು ಅಚ್ಚು ತೆಗೆದು, ಅದರಲ್ಲಿ ರೆಸಿನ್ ಎರೆದ ಬಕಲ್ ಪಡಿಯಚ್ಚು. ಈ ಜಾಕೀಟಿನ ಮೂಲವನ್ನು ಹೊಲಿಯುವವರು ಮುಟ್ಟಿಲ್ಲ, ಕಂಡಿದ್ದು ಚಿತ್ರ ಮಾತ್ರ. ‘ನಿಖರ’ ಎಂದರೆ ಯಾವುದಕ್ಕೆ ನಿಖರ ಎಂಬ ಪ್ರಶ್ನೆ ಏಳುತ್ತದೆ. ಬಟ್ಟೆಗೋ, ತೆರೆಗೋ?

ಎರಡೂ ಒಂದೇ ಅಲ್ಲ. ‘ಸ್ಟಾರ್ ವಾರ್ಸ್’ ಸರಣಿಯ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದ ಹಿಮಗ್ರಹದಲ್ಲಿ ಹಾನ್ ಸೋಲೋ ತೊಟ್ಟ ಕೋಟು ತೆರೆಯ ಮೇಲೆ ನೀಲಿ ಕಾಣುತ್ತದೆ, ಆಟಿಕೆಯೂ ನೀಲಿಯಾಗಿಯೇ ಬಂತು. ಕೋಟಿನ ಬಟ್ಟೆ ಕಂದು. ಈಗ ಅದನ್ನು ಮರುಹೊಲಿಯುವವರು ನೀಲಿ ತರಬೇಕೋ, ಕಂದು ತರಬೇಕೋ? ಅಕ್ಯುರೇಟ್ ಎನ್ನುವ ಒಂದೇ ಪದ ಇಲ್ಲಿ ಕೈಕೊಡುತ್ತದೆ. ಕನ್ನಡ ಕೊಡುವುದಿಲ್ಲ: ಒಂದು ‘ಕಂಡಂತೆ’, ಇನ್ನೊಂದು ‘ಇದ್ದಂತೆ’. ನೀಲಿ ಕೋಟು ಕಂಡಂತೆ, ಕಂದು ಕೋಟು ಇದ್ದಂತೆ. ಹೊಸ ಸಮಾಸ ಬೇಡ, ಮಹಾಪ್ರಾಣದ ಜಗಳವೂ ಇಲ್ಲ.

ನಿಮ್ಮ ಜಾಕೀಟು ಹಸಿರಿಗೆ ವಾಲಿದ್ದಕ್ಕೂ ಇದೇ ಗೊಂದಲ ಕಾರಣವಿರಬಹುದು. ಚೌಕಟ್ಟಿನ ಬಣ್ಣ ನೋಡಿ ಬಟ್ಟೆ ತಂದು, ಟ್ಯೂಬ್‌ಲೈಟಿನಡಿ ಹೋಲಿಸಿದರೆ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು. ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಕೂಡಿ ಇನ್ನೊಂದರಲ್ಲಿ ಬೇರೆಯಾಗುವುದು ಸಾಮಾನ್ಯ. ತುಂಡನ್ನು ಬೂದು ಕಾರ್ಡಿನ (ಫೋಟೊದ ಬಣ್ಣ ಸರಿಮಾಡಿಕೊಳ್ಳಲು ಬಳಸುವ ಕಾರ್ಡು) ಪಕ್ಕ ಇಟ್ಟು, ಮೊದಲು ಹಗಲಿನಲ್ಲಿ, ಆಮೇಲೆ ಪ್ರದರ್ಶನದ ದೀಪದಲ್ಲೇ ಫೋಟೊ ತೆಗೆದು ಹೋಲಿಸಿ. ಕಂಡಂತೆ ಬೇಕಾದರೆ ದೀಪದ ಕೆಳಗಿನ ಬಣ್ಣವನ್ನು ನಂಬಿ.

ಅಳತೆಗೂ ಇದೇ ಮಾತು. ಚೌಕಟ್ಟಿನಿಂದ ಸೆಂಟಿಮೀಟರ್ ತೆಗೆಯುವಾಗ ಜಾಕೀಟಿನ ಮೇಲೇ ಇರುವ, ಗಾತ್ರ ಗೊತ್ತಿರುವ ವಸ್ತುವನ್ನು ಅಳತೆಗೋಲು ಮಾಡಿಕೊಳ್ಳಿ, ಗುಂಡಿ ಅಥವಾ ಜಿಪ್ಪಿನ ಹಲ್ಲುಸಾಲು. ಭುಜ ಕ್ಯಾಮೆರಾಕ್ಕೆ ನೇರವಾಗಿರುವ ಚೌಕಟ್ಟನ್ನೇ ಆರಿಸಿ. ಓರೆಯಾಗಿ ನಿಂತಿದ್ದರೆ ಸಾಲುಗಳ ಅಂತರ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. 1.8 ಬಂದದ್ದು ಅಂಥ ಚೌಕಟ್ಟಿನಿಂದಲ್ಲ ತಾನೇ?

ಟಿಳಕವಾಡಿ, ಬೆಳಗಾವಿ:

ನೇರ ಭುಜದ ಮೂರು ಚೌಕಟ್ಟುಗಳಿಂದ ಬಂದದ್ದು, ಅಳತೆಗೋಲು ಎದೆಯ ಜಿಪ್ಪು. ಎಲ್ಲರಿಗೂ ಧನ್ಯವಾದ. ಫಲಕ ಹೀಗಿದೆ:

‘ನೌಕಾಚಾಲಕನ ಜಾಕೀಟು. ಎರಡನೆಯ ಹೊಲಿಗೆ, ತೆರೆಯಲ್ಲಿ ಕಂಡಂತೆ. ಭುಜ: ಕೌದಿ ಸಾಲು. ಕಾಲರ್: ಓರೆಪಟ್ಟಿಯ ಪೈಪಿಂಗ್. ಸವೆಸಿ ಮಾಸಿಸಿದ್ದು.’

ಚೀಟಿಗೆ ಶಹಾಪುರದವರ ಅಳತೆಗಳು ಇದ್ದ ಹಾಗೇ ಹೋಗುತ್ತವೆ.

ಗೋಕಾಕ:

‘ಕಂಡಂತೆ’ ಒಪ್ಪಿದೆ. ಜಾಕೀಟು ಒಪ್ಪಿಲ್ಲ, ಕನಿಷ್ಠ ‘ಅಂಗಿ’ ಎನ್ನಿ.

ಗುಳೇದಗುಡ್ಡ:

ಅಂಗಿ ‘ಅಂಗಿಕಾ’ದಿಂದ ಬಂತು ಅಂತಾರ. ಬಿಡ್ರಿ.

ಬಾಗಲಕೋಟೆ:

‘ತೆರೆಯಲ್ಲಿ’ ಅಲ್ಲ, ‘ತೆರೆಯ ಮೇಲೆ’. ಅಚ್ಚಿಗೆ ಕೊಡೂದರೊಳಗ ತಿದ್ದರಿ.